ಕಾಳಿನ ಕೋಣೆಯ ಗೋಡೆಯ ಮೇಲೆ ಯುರೇನಿಯಂ

ನನ್ನ ಮದುವೆಯಾದ ವರ್ಷ ಸಿಂಧನೂರಿಗೆ ಕಾಲುವೆಯ ನೀರು ಹೊಸದಾಗಿ ಬಂದಿತ್ತು. ಜೋಳ ಬಿತ್ತುತ್ತಿದ್ದ ನಮ್ಮಪ್ಪ ಭತ್ತದ ಗದ್ದೆ ಮಾಡುವ ಗಡಿಬಿಡಿಯಲ್ಲಿದ್ದ. ವರ ಲಿಂಗಸುಗೂರಿನವರು, ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ ಎಂದಷ್ಟೇ ನಮಗೆ ಗೊತ್ತಿತ್ತು. ಅಲ್ಲಿ ಏನು ಕೆಲಸ ಎಂದು ಅಪ್ಪ ಕೇಳಿದ್ದಕ್ಕೆ ವರನ ತಂದೆ, "ಸೈನ್ಸಿನ ಕೆಲಸ ಐತ್ರಿ, ಕುಂತು ಮಾಡೋದು," ಎಂದಿದ್ದರು. ಕುಳಿತು ಮಾಡುವ ಕೆಲಸ ಎಂಬ ಮಾತು ಅಪ್ಪನಿಗೆ ಬಹಳ ಹಿಡಿಸಿತು.

ಮದುವೆಯಾಗಿ ಕೆಲವೇ ದಿನಕ್ಕೆ ಅವರು ಮುಂಬಯಿಗೆ ಹೊರಟುಹೋದರು. ಅಲ್ಲಿ ಮನೆ ಸಿಕ್ಕುವ ತನಕ ನಾನು ಲಿಂಗಸುಗೂರಿನಲ್ಲಿ ಅತ್ತೆ ಮಾವನ ಜೊತೆ ಇರುವುದೆಂದು ಮಾತಾಗಿತ್ತು. ಮಾವ ನಿಜಾಮರ ಕಾಲದಲ್ಲಿ ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉರ್ದು ಪತ್ರಿಕೆ ಓದುತ್ತ, ಹೋದಬಂದವರೊಡನೆ ಮಾತಾಡುತ್ತ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಅತ್ತೆ ತೂಕದ ಹೆಂಗಸು, ಮಾತೂ ತೂಕದ್ದೇ. ನನ್ನನ್ನು ಕಂಡರೆ ಪ್ರೀತಿ, ಆದರೆ ನಾನು ಬಡಕಲಾಗಿದ್ದೇನೆಂದು ಒಂದು ಕೊರಗು. ಗಂಡನ ಮುಖ ನೆನೆದರೆ ಬಾಸಿಂಗ ಕಟ್ಟಿದ ಮುಖವೇ ನನಗೆ ಕಾಣುತ್ತಿತ್ತು. ಅದರ ಕೆಳಗೆ ಎಂಥ ಮನುಷ್ಯನಿದ್ದಾನೆ ಎಂಬುದು ತಿಳಿದಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಕಾಮಾಲೆ ಹಿಡಿಸಿಕೊಂಡು ಊರಿಗೆ ಬಂದರು. ಕಣ್ಣು, ಉಗುರು ಎಲ್ಲ ಹಳದಿ. ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಹಾಸಿಗೆ ಸುರುಳಿ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ತಗಡಿನ ಡಬ್ಬಿ. ಹಾಸಿಗೆಯನ್ನು ಮಾವನ ಕೈಗೆ ಕೊಟ್ಟರು, ಡಬ್ಬಿ ಕೊಡಲಿಲ್ಲ. ಅತ್ತೆ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಎಣ್ಣೆ, ಖಾರ, ಉಪ್ಪಿನಕಾಯಿ ಎಲ್ಲ ಬಂದ್. ಒಂದೆರಡು ವಾರದಲ್ಲಿ ಎದ್ದು ಕೂರುವಂತಾದರು, ಕೂರುವಂತಾದ ಕೂಡಲೇ ಬೇಜಾರಾಗತೊಡಗಿತು. ಆಗ ಡಬ್ಬಿ ತೆರೆದರು.

ಒಳಗಿದ್ದವು ಫಿಲ್ಮಿನ ಸುರುಳಿಗಳು. ಸಿನಿಮಾದವಿರಬಹುದೆಂದು ನಾನು ಆಸೆಯಿಂದ ಬೆಳಕಿಗೆ ಹಿಡಿದು ನೋಡಿದೆ. ಮನುಷ್ಯರಿರಲಿಲ್ಲ. ಪ್ರತಿ ಚಿತ್ರದಲ್ಲೂ ಒಂದು ಅಡ್ಡಗೆರೆ. ಅದರಿಂದ ಮೇಲಕ್ಕೆ ಒಂದು ಮೊನೆ, ಕೆಳಕ್ಕೆ ಒಂದು ಮೊನೆ.

"ಏನ್ರಿ ಇವು?" ಎಂದೆ. ನಾನಾಗಿಯೇ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಯುರೇನಿಯಂ ಒಡದಿದ್ದು," ಎಂದರು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಿಡಿಸಿ ಹೇಳಿದರು. ಯುರೇನಿಯಂ ಎಂಬ ಲೋಹವನ್ನು ತೀರ ತೆಳ್ಳಗೆ ಬಳಿದ ಹಾಳೆಯನ್ನು ಒಂದು ಡಬ್ಬಿಯ ನಡುವೆ ಇಟ್ಟಿರುತ್ತಾರೆ. ಕಣ್ಣಿಗೆ ಕಾಣದ ನ್ಯೂಟ್ರಾನ್ ಎಂಬ ಕಣ ಬಂದು ತಾಗಿದರೆ ಅದರ ಒಂದು ಅಣುವಿನ ಗರ್ಭ ಎರಡಾಗಿ ಸೀಳುತ್ತದೆ. ಒಂದು ತುಂಡು ಈ ಕಡೆಗೆ, ಇನ್ನೊಂದು ಆ ಕಡೆಗೆ ಹಾರುತ್ತದೆ. ಡಬ್ಬಿಯೊಳಗಿನ ಅನಿಲದಲ್ಲಿ ನುಗ್ಗಿ ನಿಲ್ಲುವಷ್ಟರಲ್ಲಿ ಪ್ರತಿ ತುಂಡೂ ಒಂದಿಷ್ಟು ವಿದ್ಯುತ್ತನ್ನು ಎಬ್ಬಿಸುತ್ತದೆ. ಅದು ಪರದೆಯ ಮೇಲೆ ಮೊನೆಯಾಗಿ ಜಿಗಿಯುತ್ತದೆ, ಕ್ಯಾಮೆರಾ ಹಿಡಿದುಕೊಳ್ಳುತ್ತದೆ. ತುಂಡಿಗೆ ಎಷ್ಟು ಶಕ್ತಿಯೋ ಮೊನೆ ಅಷ್ಟು ಎತ್ತರ. ಆ ಎತ್ತರಗಳನ್ನೆಲ್ಲ ಅಳೆಯಬೇಕು. ಅವರ ಕೆಲಸ ಅದು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾವ, "ಜಪಾನಿನ ಮ್ಯಾಲ ಹಾಕಿದ್ದೂ ಇದ ಅಲ್ಲೇನು?" ಎಂದರು.

"ಒಡಿಯೋದು ಅದಽ ಅಪ್ಪ. ಇಲ್ಲಿ ಒಂದೊಂದಽ ಒಡಿತಾವು. ಒಂದು ಇರಿವಿಗೂ ನೋವಾಗಂಗಿಲ್ಲ."

ಮಾವ ಫಿಲ್ಮನ್ನು ದೂರದಿಂದಲೇ ನೋಡಿ ಕಟ್ಟೆಗೆ ಹೋದರು.

ಫಿಲ್ಮನ್ನು ದೊಡ್ಡದು ಮಾಡಿ ಗೋಡೆಯ ಮೇಲೆ ಬೀಳಿಸಿದರೆ ಮಾತ್ರ ಅಳೆಯಲು ಬರುತ್ತದೆ. ಮುಂಬಯಿಯಲ್ಲಿ ಅದಕ್ಕೆ ಯಂತ್ರವಿತ್ತು. ನಮ್ಮ ಮನೆಯಲ್ಲಿ ಕರೆಂಟೇ ಇರಲಿಲ್ಲ. ಆದರೆ ಲಿಂಗಸುಗೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಕಾಳಿನ ಕೋಣೆಗೆ ಅಂಗಳದ ಕಡೆ ಒಂದು ಸಣ್ಣ ಬೆಳಕಿಂಡಿಯಿತ್ತು. ಹೊರಗೆ ಕನ್ನಡಿ ಇಟ್ಟು ಬಿಸಿಲನ್ನು ಅದರೊಳಗೆ ಕಳಿಸಿ, ಒಳಗೆ ಸ್ಟೂಲಿನ ಮೇಲೆ ಫಿಲ್ಮನ್ನೂ ಅದರ ಮುಂದೆ ಒಂದು ಮಸೂರವನ್ನೂ ನಿಲ್ಲಿಸಿದರೆ ಎದುರಿನ ಸುಣ್ಣದ ಗೋಡೆಯ ಮೇಲೆ ಚಿತ್ರ ಬೀಳುತ್ತದೆ ಎಂದು ನನ್ನ ಗಂಡ ಹೇಳಿದರು. ಕನ್ನಡಿ ಮನೆಯಲ್ಲಿತ್ತು, ಮಸೂರ ಇರಲಿಲ್ಲ.

ಮಸೂರ ಮಸ್ಕಿಯಲ್ಲಿ ಸಿಕ್ಕಿತು. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನ ನೋಡಲು ಬರುವವರಿಗೆ ಅಕ್ಷರ ತೋರಿಸುತ್ತಿದ್ದ ಒಬ್ಬ ಶಾಲಾ ಮಾಸ್ತರರ ಬಳಿ ದೊಡ್ಡ ಭೂತಗನ್ನಡಿ ಇದೆಯೆಂದು ಮಾವನಿಗೆ ಗೊತ್ತಿತ್ತು. ಮಾವನ ಜೊತೆ ನಾನೂ ಬಸ್ಸಿನಲ್ಲಿ ಹೋದೆ. ಯಾತಕ್ಕೆ ಬೇಕೆಂದು ಮಾಸ್ತರರು ಕೇಳಿದರು. ಮಾವ, "ನಮ್ಮ ಹುಡುಗ ಓದಾಕತ್ಯಾನ್ರಿ, ಅಕ್ಷರ ಸಣ್ಣವು ಅದಾವ," ಎಂದರು. ಬಾಂಬಿನ ಮಾತು ಬರಬಾರದೆಂದು ಅವರ ಎಚ್ಚರ. ಬರುವಾಗ ಬಸ್ಸು ಕುಲುಕಿದಾಗಲೆಲ್ಲ ನಾನು ಗಾಜನ್ನು ಸೆರಗಿನಲ್ಲಿ ಇನ್ನಷ್ಟು ಸುತ್ತಿಕೊಳ್ಳುತ್ತಿದ್ದೆ.

ಎದುರು ಮನೆಯ ದರ್ಜಿ ಸಾಹೇಬರು ಬೆಳಕಿಂಡಿಯ ಸುತ್ತ ಹೊಡೆಯಲು ಕಪ್ಪು ಬಟ್ಟೆ ತಂದುಕೊಟ್ಟರು. ಅವರಿಗೂ ಸುದ್ದಿ ಮುಟ್ಟಿತ್ತು.

"ಬೇಟಾ, ಒಳಗ ಏನಾರ ಹಾರೂದು ಗೀರೂದು ಐತೇನು? ಹಬ್ಬದ ಬಟ್ಟಿ ಎಲ್ಲಾ ನಮ್ಮ ಮನ್ಯಾಗ ಅದಾವಪ," ಎಂದು ಮೆಲ್ಲಗೆ ಕೇಳಿದರು.

"ಬರೇ ಫೋಟೋ ಅದಾವ ಚಾಚಾ. ಬರ್ರಿ, ನೋಡ್ರಿ."

ಮೊದಲ ಸಲ ಗೋಡೆಯ ಮೇಲೆ ಬೆಳಕು ಬಿದ್ದಾಗ ಕೋಣೆಯಲ್ಲಿ ನಾವೆಲ್ಲರೂ ಇದ್ದೆವು. ಜೋಳದ ಚೀಲಗಳ ಮೇಲೆ, ಸುಣ್ಣದ ಗೋಡೆಯ ನಡುವೆ, ಕಪ್ಪು ಗೆರೆಯೊಂದು ಎದ್ದು ನಿಂತಿತು. ಮೇಲೆ ಒಂದು ಮೊನೆ, ಕೆಳಗೆ ಒಂದು. ದರ್ಜಿ ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಇಷ್ಟಽ?" ಎಂದರು. ಮಾವ ನಿಶ್ಚಿಂತರಾಗಿ ನಕ್ಕರು. ಆ ಹೊತ್ತಿನಿಂದ ಕನ್ನಡಿಯ ಕೆಲಸ ಅವರೇ ವಹಿಸಿಕೊಂಡರು. ಅಂಗಳದಲ್ಲಿ ಛತ್ರಿ ಬಿಚ್ಚಿಕೊಂಡು ಕುಳಿತು, ಸೂರ್ಯ ಸರಿದಂತೆಲ್ಲ ಕನ್ನಡಿಯನ್ನು ತುಸುತುಸು ತಿರುಗಿಸುವುದು, ನಡುವೆ ಪತ್ರಿಕೆ ಓದುವುದು. ಓದಿನಲ್ಲಿ ಮುಳುಗಿದರೆ ಒಳಗೆ ಕತ್ತಲಾಗುತ್ತಿತ್ತು. "ಮಾವ, ಹೊತ್ತು ಮುಣುಗ್ತು," ಎಂದು ನಾನು ಕೂಗುತ್ತಿದ್ದೆ.

ಅಳೆಯುವವಳು ನಾನು. ನನ್ನ ಗಂಡ ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ, ಚಾಪೆಯ ಮೇಲೆ ಒರಗಿ ಫಿಲ್ಮು ಸರಿಸುತ್ತಿದ್ದರು. ನಾನು ಗೆರೆ ಎಳೆದ ಕಾಗದದ ಪಟ್ಟಿಯನ್ನು ಗೋಡೆಗೆ ಹಿಡಿದು ಎತ್ತರ ಹೇಳುತ್ತಿದ್ದೆ. ಎರಡು ಮೊನೆಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ, ಸಮನಾಗಿದ್ದದ್ದು ಅಪರೂಪ.

"ಉದ್ದಂದು ದೊಡ್ಡ ತುಂಡೇನ್ರಿ?" ಎಂದು ಒಮ್ಮೆ ಕೇಳಿದೆ.

"ಅಲ್ಲ, ಸಣ್ಣ ತುಂಡು." ಅವರು ಎದ್ದು ಕುಳಿತರು. ಕಾಳು ಹಸನು ಮಾಡುತ್ತಿದ್ದ ಅತ್ತೆಯ ಕಡೆ ಕೈ ತೋರಿಸಿ, "ನೀನು, ಅವ್ವ ಇಬ್ರೂ ಎಣ್ಣಿ ಚೆಲ್ಲಿದ ಹಾಸುಗಲ್ಲಿನ ಮ್ಯಾಲ ನಿಂತೀರಿ ಅಂತ ತಿಳಿ. ಒಬ್ರನ್ನೊಬ್ರು ನೂಕಿದ್ರಿ. ಯಾರು ಜೋರ್ ಹಾರ್ತೀರಿ?" ಎಂದರು.

ನಾನು ಉತ್ತರ ಕೊಡುವ ಮೊದಲೇ ಅತ್ತೆ, "ಆಕಿನಽ ಹಾರ್ತಾಳ. ಗಾಳಿ ಬಿಟ್ರೂ ಹಾರ್ತಾಳ. ನಾ ಇದ್ದಲ್ಲೇ ಇರ್ತೀನಿ," ಎಂದರು.

"ಹಂಗಽ. ಹಗೂರ ಇದ್ದದ್ದು ಜೋರ್ ಹೋಗ್ತೈತಿ, ಹೆಚ್ಚಿನ ಶಕ್ತಿ ಅದರ ಪಾಲಿಗೆ ಬರ್ತೈತಿ."

ಅಂದಿನಿಂದ ನಮ್ಮ ಮನೆಯಲ್ಲಿ ಎತ್ತರದ ಮೊನೆ ಸೊಸೆಯಾಯಿತು, ಗಿಡ್ಡ ಮೊನೆ ಅತ್ತೆ. "ಸೊಸಿ ಎಷ್ಟು?" ಎನ್ನುತ್ತಿದ್ದರು ಅವರು. ನಾನು ಹೇಳುತ್ತಿದ್ದೆ. "ಅತ್ತಿ?" ಅದನ್ನೂ ಹೇಳುತ್ತಿದ್ದೆ. ಅತ್ತೆ ಮೊರದಲ್ಲಿ ಕಾಳು ಕೇರುತ್ತ, "ಸೊಸಿ ಜಿಗ್ದಾಡೋದಽ ಆತು," ಎಂದು ಗೊಣಗಿ ನಗುತ್ತಿದ್ದರು. ನನ್ನ ಗಂಡ ನಗುವುದನ್ನು ನಾನು ಸರಿಯಾಗಿ ನೋಡಿದ್ದು ಆ ಕತ್ತಲೆಯ ಕೋಣೆಯಲ್ಲಿ, ಗೋಡೆಯಿಂದ ಬರುತ್ತಿದ್ದ ಬೆಳಕಿನಲ್ಲಿ.

ಎಷ್ಟು ಎತ್ತರದ ಮೊನೆಗಳು ಎಷ್ಟು ಬಂದವು ಎಂದು ತೋರಿಸಲು ಚೌಕುಳಿ ಕಾಗದ ಬೇಕಿತ್ತು. ಅಂಗಡಿಯಲ್ಲಿ ಅಂಥದ್ದನ್ನು ಯಾರೂ ಕೇಳಿದವರಿಲ್ಲ. ನಾನು ಪಡಸಾಲೆಯ ನೆಲದ ಮೇಲೆ ರಂಗೋಲಿಯಿಂದ ಉದ್ದುದ್ದ ಮನೆಗಳನ್ನು ಎಳೆದೆ. ಒಂದೊಂದು ಎತ್ತರಕ್ಕೆ ಒಂದೊಂದು ಮನೆ. ಅಳೆದ ಪ್ರತಿ ಮೊನೆಗೂ ಅದರ ಮನೆಯಲ್ಲಿ ಒಂದು ತೊಗರಿ ಕಾಳು. ದಿನ ಕಳೆದಂತೆ ನೆಲದ ಮೇಲೆ ಎರಡು ಗುಡ್ಡಗಳು ಎದ್ದವು, ನಡುವೆ ತಗ್ಗು. ಅಣುವಿಗೆ ಸಮಪಾಲಾಗುವುದು ಹಿಡಿಸುವುದಿಲ್ಲ ಎಂಬುದು ಯಾರಿಗಾದರೂ ಕಾಣುವಂತಿತ್ತು. ಅವರಿಗೆ ಅದು ಮೊದಲೇ ಗೊತ್ತಿದ್ದ ಸಂಗತಿ. ಗುಡ್ಡಗಳ ಆಕಾರವನ್ನು ಇನ್ನೂ ಸರಿಯಾಗಿ ತಿಳಿಯಬೇಕಿತ್ತು. ನನಗೆ ಮಾತ್ರ ಅದು ನನ್ನ ಕೈಯಿಂದಲೇ ಎದ್ದ ಗುಡ್ಡ. ಬಾಗಿಲು ಮುಂದೆ ಮಾಡಿ, ಕೋಳಿ ಬರದಂತೆ ಕಾಯುತ್ತಿದ್ದೆ.

ಆಮೇಲೆ ತಗ್ಗು ತುಂಬತೊಡಗಿತು. ಹೊಸ ಸುರುಳಿ ಹಾಕಿದ ಮೇಲೆ ಕಾಳುಗಳು ನಡುವೆ ಬೀಳುತ್ತ ಹೋದವು. ನನ್ನ ಗಂಡ ಚಾಪೆ ಬಿಟ್ಟು ಎದ್ದು ನೆಲದ ಮೇಲೆ ಮೊಣಕಾಲೂರಿ ನೋಡಿದರು. ಮುಖದಲ್ಲಿ ಉಳಿದಿದ್ದ ಹಳದಿಯೆಲ್ಲ ಆ ಗಳಿಗೆಯಲ್ಲಿ ಇಳಿದಂತಿತ್ತು. ಇದುವರೆಗೆ ಯಾರೂ ಕಾಣದ್ದನ್ನು ಕಂಡಿದ್ದೇವೋ ಏನೋ ಎಂದರು. ಮುಂಬಯಿಗೆ ತಾರು ಕೊಡುವ ಮಾತಾಡಿದರು. ಮಾವ ಅಂಚೆ ಕಚೇರಿಗೆ ಹೋಗಲು ಕೋಟು ತೆಗೆದಿಟ್ಟರು.

ಮರುದಿನ ಊಟದ ಹೊತ್ತಿಗೆ ಮಾವನ ತಾಟಿಗೆ ಅತ್ತೆ ಮಾವಿನ ಉಪ್ಪಿನಕಾಯಿ ಬಡಿಸಿದರು. ಬರೀ ಅನ್ನ ಮಜ್ಜಿಗೆ ಉಣ್ಣುತ್ತಿದ್ದ ಮಗ ಅದನ್ನೇ ನೋಡುತ್ತಿರುವುದು ಕಂಡು ಅವರಿಗೆ ಮರುಕವಾಯಿತು.

"ನಿನಗ ಆರಾಮ ಆಗಲಿ ತಮ್ಮಾ, ಗಡಿಗಿ ತುಂಬಾ ಐತಿ. ಆದ್ರ ನಿನ್ನ ಆ ಸ್ಟೂಲು ಅಡ್ಡ ಐತಿ ನೋಡು. ದಿನಾ ಅದನ್ನ ಎತ್ತಿಟ್ಟು ಗಡಿಗಿ ತಗೋಬೇಕಾಗೈತಿ."

ನನ್ನ ಗಂಡನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಎತ್ತಿಟ್ಟು?"

"ಮತ್ತ ಹಿಂದಕ್ಕ ಇಡ್ತೀನಿ. ಇದ್ದಲ್ಲೇ ಇಡ್ತೀನಿ."

"ಯಾವಾಗಿಂದ ಅವ್ವ?"

"ಹಳೇ ಗಡಿಗಿ ಮುಗದಾಗಿಂದ. ಹೊಸಾದು ಮೂಲ್ಯಾಗ ಐತಲ್ಲ."

ಅವರು ಎಡಗೈಯಿಂದ ಹಣೆ ಹಿಡಿದುಕೊಂಡರು. ಸ್ಟೂಲು ಗೋಡೆಗೆ ಒಂದು ಗೇಣು ಹತ್ತಿರವಾದರೂ ಚಿತ್ರ ಸಣ್ಣದಾಗುತ್ತದೆ, ಸೊಸೆ ಅತ್ತೆ ಇಬ್ಬರೂ ಗಿಡ್ಡರಾಗುತ್ತಾರೆ. ಎತ್ತರದ ಗುಡ್ಡದ ಕಾಳುಗಳು ಬಂದು ತಗ್ಗಿಗೆ ಬಿದ್ದದ್ದು ಹಾಗೆ. ಅಣುವಿನಲ್ಲಿ ಏನೂ ಬದಲಾಗಿರಲಿಲ್ಲ. ಗೆರೆ ತುಸು ಮಸುಕಾಗಿದ್ದುದನ್ನು ಕಣ್ಣಿನ ದಣಿವೆಂದು ನಾವಿಬ್ಬರೂ ಬಿಟ್ಟಿದ್ದೆವು.

ಅತ್ತೆಯ ಮುಖ ಸಣ್ಣದಾಯಿತು. "ನಿನ್ನ ಕೆಲಸ ಕೆಡಿಸಿಬಿಟ್ನೇನೋ ತಮ್ಮಾ?"

ಅವರು ನಗಲು ಶುರುಮಾಡಿದರು. ನಗುತ್ತಲೇ ಕೆಮ್ಮಿದರು. "ಇಲ್ಲವ್ವ. ತಾರ್ ಕೊಟ್ಟಿದ್ರ ಕೆಡ್ತಿತ್ತು. ಈಗ ಉಪ್ಪಿನಕಾಯಿ ಉಳಿಸ್ತು."

ಮಾವ ಕೋಟನ್ನು ಮತ್ತೆ ಗೂಟಕ್ಕೆ ಹಾಕಿದರು. ಅದೇ ಮಧ್ಯಾಹ್ನ ನಾನು ಚಿತ್ರವನ್ನು ಮೊದಲಿನ ಅಳತೆಗೆ ತಂದು ಸ್ಟೂಲಿನ ಕಾಲುಗಳ ಸುತ್ತ ಸುಣ್ಣ ಬಳಿದೆ. ಗಡಿಗೆ ಅಡಿಗೆಮನೆಗೆ ಹೋಯಿತು. ಆ ಸುರುಳಿಗಳನ್ನು ಮೊದಲಿನಿಂದ ಅಳೆದೆವು, ಕಾಳುಗಳನ್ನು ಮೊದಲಿನಿಂದ ಇಟ್ಟೆವು. ತಗ್ಗು ಮತ್ತೆ ತಗ್ಗಾಯಿತು. ಅತ್ತೆ ತಾವೇ ಬಂದು ನಿಂತು ನೋಡಿ, "ಈಗ ಸರಿ ಅದಾವ," ಎಂದು ಒಪ್ಪಿಗೆ ಕೊಟ್ಟರು. ಲೆಕ್ಕವನ್ನು ನಾನು ಕನ್ನಡ ಅಂಕಿಗಳಲ್ಲಿ ಬರೆದಿದ್ದೆ. ಮುಂಬಯಿಯವರಿಗೆ ತಿಳಿಯುವುದಿಲ್ಲವೆಂದು ನನ್ನ ಗಂಡ ನನ್ನ ಕೈ ಹಿಡಿದು ಇಂಗ್ಲಿಷ್ ಅಂಕಿ ಕಲಿಸಿದರು. ನಾನು ಅವನ್ನು ಬೇಗನೆ ಕಲಿತೆ, ಆದರೆ ಕಲಿತೆನೆಂದು ಬೇಗನೆ ಹೇಳಲಿಲ್ಲ.

ಮಳೆ ಮೋಡ ಕಾಣುವ ಹೊತ್ತಿಗೆ ಅವರಿಗೆ ಪೂರ್ತಿ ಗುಣವಾಗಿತ್ತು. ಮುಂಬಯಿಯಲ್ಲಿ ಮನೆ ಇನ್ನೂ ಸಿಕ್ಕಿರಲಿಲ್ಲ. ಹೊರಡುವ ದಿನ ಗೊತ್ತಾದಾಗ ಅತ್ತೆ ಮಗನನ್ನು ಕರೆದು, "ಒಂದ ಕ್ವಾಣಿ ಆದ್ರೂ ಸಾಕು, ಆಕಿನ್ನೂ ಕರ್ಕೊಂಡು ಹೋಗು. ಅಲ್ಲಿ ನಿನ್ನ ಗೆರಿ ಅಳಿಯಾಕ ಯಾರಿದ್ದಾರ?" ಎಂದರು. ನನ್ನ ಕಡೆ ತಿರುಗಿ, "ಹೋಗವಾ. ಇಲ್ಲಿ ನಾನು, ನಿಮ್ಮ ಮಾವ ಸಮಾಧಾನದಾಗ ಇರ್ತೀವಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಅವರ ತೋಳು ಹಿಡಿದು ಅತ್ತುಬಿಟ್ಟೆ. ಅತ್ತು ಮುಗಿದ ಕೂಡಲೇ ಒಳಗೆ ಹೋಗಿ ಸೀರೆ ಮಡಚಲು ಕುಳಿತೆ.

ಮುಂಬಯಿಯಲ್ಲಿ ಒಂದು ಕೋಣೆ ಸಿಕ್ಕಿತು. ಅವರ ಮೇಲಿನ ಅಧಿಕಾರಿ ನಮ್ಮ ಅಳತೆಗಳನ್ನು ತಮ್ಮ ಯಂತ್ರದಲ್ಲಿ ಅಲ್ಲಲ್ಲಿ ತಾಳೆ ನೋಡಿ, ಅಳೆದವರು ಯಾರೆಂದು ಕೇಳಿದರಂತೆ. ಕೆಲ ದಿನಕ್ಕೆ ನನಗೂ ಫಿಲ್ಮು ಓದುವ ಕೆಲಸ ಕೊಟ್ಟರು. ಮೊದಲ ದಿನ ನನ್ನ ಗಂಡ ನನ್ನನ್ನು ಒಳಗೆ ಕರೆದೊಯ್ದು ಯುರೇನಿಯಂ ಹಾಳೆ ಇಟ್ಟ ಆ ಡಬ್ಬಿಯನ್ನು ತೋರಿಸಿದರು. ತಂತಿಗಳ ನಡುವೆ ಒಂದು ಹಿತ್ತಾಳೆಯ ಡಬ್ಬಿ, ಪಕ್ಕದಲ್ಲಿ ಒಂದು ಸಣ್ಣ ಸ್ಪೀಕರು. ಅವರು ಒಂದು ಗುಂಡಿ ತಿರುಗಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಪ್ ಎಂದಿತು.

"ಒಂದು ಒಡೀತು," ಎಂದರು.

ನಾನು ಬೆಂಚಿನ ಮೇಲೆ ಕುಳಿತೆ. ತಡೆದು ಇನ್ನೊಂದು ಟಪ್. ಆಮೇಲೆ ಬೆನ್ನಿಗೆ ಬೆನ್ನು ಎರಡು. ಊಟಕ್ಕೆ ಏಳು ಎಂದು ಅವರು ಕರೆದಾಗ, ಇನ್ನೊಂದು ಕೇಳಿ ಬರುತ್ತೇನೆಂದೆ. ಅವರೂ ಪಕ್ಕದಲ್ಲಿ ಕುಳಿತರು.