ಬೆಕ್ಕಿನ ಕಣ್ಣಾಕಿ

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಲೇಸರ್ ಮಾಡಿಸುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಿದ್ದೆ. ಕನ್ನಡಕದ ನಂಬರ್ ತೆಗೆಯುವಾಗ ಕಣ್ಣಿನ ಬಣ್ಣವನ್ನೂ ಬದಲಿಸಬಹುದೇ? ಕರಿಗಣ್ಣನ್ನು ಜೇನುಬಣ್ಣಕ್ಕೆ?

"ಹೊರದೇಶದಾಗ ಮಾಡ್ತಾರ್ರಿ. ಬರೇ ಬಣ್ಣದ ಸಲುವಾಗಿ ನಾ ಅಂತೂ ಕಣ್ಣಿಗೆ ಕೈ ಹಚ್ಚಂಗಿಲ್ಲ. ದೃಷ್ಟಿ ಹೋದಮ್ಯಾಲ ಬಣ್ಣ ತಗೊಂಡು ಏನ್ ಮಾಡ್ತೀರಿ?" ಎಂದು ನಕ್ಕರು.

ನಾನೂ ನಕ್ಕೆ, ಕಾರಣ ಹೇಳಲಿಲ್ಲ. ಅವ್ವನ ಕಣ್ಣನ್ನು ಒಮ್ಮೆ ಕನ್ನಡಿಯಲ್ಲಿ ನೋಡಬೇಕಿತ್ತು. ನಾನು ಸಣ್ಣವನಿದ್ದಾಗಲೇ ಆಕೆ ತೀರಿಕೊಂಡಳು. ಉಳಿದಿರುವ ಒಂದೇ ಫೋಟೋದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ. ಆದರೂ ಆ ಜೇನುಬಣ್ಣ ನನಗೆ ನೆನಪಿದೆ. ಓಣಿಯವರು ಆಕೆಯನ್ನು ಬೆಕ್ಕಿನ ಕಣ್ಣಾಕಿ ಎನ್ನುತ್ತಿದ್ದುದೂ ನೆನಪಿದೆ.

ಲೇಸರ್ ಆದಮೇಲೆ ಆರೈಕೆಗೆಂದು ಇಳಕಲ್ಲಿನ ಅಕ್ಕನ ಮನೆಗೆ ಹೊರಟೆ. ಹುನಗುಂದ ದಾಟುವ ಹೊತ್ತಿಗೆ ಕಪ್ಪು ಕನ್ನಡಕದೊಳಗೆ ಧಾರಾಕಾರ ನೀರು, ಉಳ್ಳಾಗಡ್ಡಿ ಹೆಚ್ಚಿದ ಕೈಯಿಂದ ಉಜ್ಜಿಕೊಂಡಂಥ ಉರಿ. ಅಕ್ಕ ಕಿಟಕಿಗೆ ಹಳೆಯ ಸೀರೆ ಕಟ್ಟಿ ಮಲಗಿಸಿದಳು. ಓದುವಂತಿಲ್ಲ, ಫೋನ್ ನೋಡುವಂತಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದು ಆಲಿಸುತ್ತ ಮಲಗಿದ್ದವನು ಅಕ್ಕನನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಅವ್ವನ ಕಣ್ಣ ಜೇನಿನ ಬಣ್ಣ ಇದ್ವಲ್ಲ?"

"ಯಾರ್ ಹೇಳಿದ್ರಲೇ? ನಿನ್ನಂಗ ಕರ್ರಗ ಇದ್ವು."

"ಮತ್ತ ಬೆಕ್ಕಿನ ಕಣ್ಣಾಕಿ ಅಂತಿದ್ರಲ್ಲ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಕರೆಂಟ್ ಹೋದ್ರೂ ಮಗ್ಗ ಬಿಟ್ಟು ಏಳತಿದ್ದಿಲ್ಲ ಆಕಿ. ಕತ್ತಲದಾಗ ಹರದ ಎಳಿ ಹುಡುಕಿ ಗಂಟ ಹಾಕತಿದ್ಲು. ಅದಕ್ಕ ಹಂಗ ಅಂತಿದ್ರು. ಇಷ್ಟ ಓದಿ, ಇದನ್ನ ತಿಳಕೊಂಡಿ ಏನ್?"

ಯಾವ ಮಾತಿಗೂ ಸಾಕ್ಷಿ ಕೇಳು ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ಅವ್ವನ ವಿಷಯದಲ್ಲಿ ಮಾತ್ರ ಓಣಿಯ ಒಂದು ಮಾತನ್ನೇ ಹಿಡಿದು ಬಣ್ಣ ಬಳಿದುಕೊಂಡಿದ್ದೆನೇ? ಮೂಗಿನ ಪಕ್ಕದ ಮಚ್ಚೆ, ತೊಡೆಯ ಮೇಲೆ ಮಲಗಿದಾಗಿನ ನೂಲಿನ ಗಂಜಿಯ ವಾಸನೆ, ಅವೂ ಹೀಗೆಯೇ ಇರಬಹುದೇ? ಆ ಮಧ್ಯಾಹ್ನವೆಲ್ಲ ಮಗ್ಗುಲು ಬದಲಿಸಿದೆ.

ಉರಿ ಇಳಿದ ಮೇಲೆ ಒಂದು ಮುಂಜಾನೆ ಅಕ್ಕ ಔಷಧದ ಹನಿ ಹಾಕಲು ಬಾಗಿದಳು. ಕನ್ನಡಕವಿಲ್ಲದೆ ಅವಳ ಮುಖ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಅವಳದೂ ಕರಿಗಣ್ಣು ಎಂದುಕೊಂಡಿದ್ದೆ. ಬೆಳಕು ಬಿದ್ದ ಕಡೆ ಅಂಚು ಕಂದು ಬಣ್ಣವಾಗಿತ್ತು.

"ಅವ್ವನ ಕಣ್ಣ ನೀ ಖರೇನ ನೋಡೀದಿ?"

ಬಾಟಲಿ ಹಿಡಿದ ಕೈ ಹಾಗೆಯೇ ನಿಂತಿತು. "ಆಕಿ ಮಾರಿ ನನ್ನಂಗ ಇತ್ತು ಅಂತಿದ್ರು. ಕಣ್ಣ... ಆಕಿ ಯಾವಾಗ್ಲೂ ಕೆಳಗ ಎಳಿನ ನೋಡತಿದ್ಲಲ್ಲೋ ತಮ್ಮಾ."

ಹನಿ ಬಿತ್ತು. ಅಕ್ಕನ ಮುಖ ಕಲಸಿಹೋಯಿತು. ಕಣ್ಣು ಮುಚ್ಚಿದೆ. ಅಲ್ಲಿ ಇನ್ನೂ ಜೇನುಬಣ್ಣವೇ ಇತ್ತು.

"ಸಾಕು, ಕಣ್ಣ ತೆರಿ," ಎಂದಳು.

"ತಡಿ," ಎಂದೆ.