ಗಂಜಿಮನೆ ಓಣಿಯ ಅಟ್ರಾಕ್ಟಾ

ಅಟ್ರಾಕ್ಟಾ ಗಿಲ್‌ಹೂಲಿ ಹರೆಯದಿಂದ ಮುಪ್ಪಿನವರೆಗೆ ಡ್ರಂಕೀಲ್ ಊರಿನ ಕೋಳಿ ಕಾರ್ಖಾನೆಯಲ್ಲಿ ಕರುಳು ಬಗೆದವಳು. ಚಳಿಗೆ ಬೆರಳು ಮರಗಟ್ಟುತ್ತಿದ್ದ ಹೆಂಗಸರಿಗೆ ಬಿಸಿನೀರು ಕೊಡಿ ಎಂದು ಕಾರ್ಖಾನೆಯ ಬಾಗಿಲಲ್ಲಿ ಕೂತು, ಕೊಡಿಸಿಯೇ ಎದ್ದವಳು. ಮದುವೆಯಾಗಲಿಲ್ಲ. ಅದಕ್ಕೆ ಯಾರಾದರೂ ಕನಿಕರ ತೋರಿಸಿದರೆ ಮುಖಕ್ಕೇ ಬಾಗಿಲು ಹಾಕುತ್ತಿದ್ದಳು. ಮಾಲಕಿ ಎಂಬ ಹೆಸರಿನ ಅಣ್ಣನ ಜೊತೆ ಒಂದೇ ಸೂರಿನಡಿ ಜಗಳವಾಡಿಕೊಂಡೇ ಬದುಕಿದಳು.

ಊರಿನ ಹಿಂಬದಿಯಲ್ಲಿ, ಹಿಂದೆ ಗತಿಯಿಲ್ಲದವರನ್ನು ದುಡಿಸಿಕೊಂಡು ಗಂಜಿ ಹಾಕುತ್ತಿದ್ದ ಹಳೆಯ ಗಂಜಿಮನೆ, ಅದರ ಪಕ್ಕಕ್ಕೆ ಒಂದು ಓಣಿ. ಆಲೂಗಡ್ಡೆ ಬೆಳೆಯೆಲ್ಲ ಕೊಳೆತು ಬಂದ ಬರಗಾಲದಲ್ಲಿ ಗಂಜಿಮನೆಯಲ್ಲಿ ಸತ್ತವರನ್ನು ಕೈಗಾಡಿಗೆ ಹೇರಿ, ಇದೇ ಓಣಿಯಲ್ಲಿ ಒಯ್ದು ಆಚೆಯ ಹೊಲದಲ್ಲಿ ಹೂತಿದ್ದರು. ಕಲ್ಲಿಲ್ಲ, ಹೆಸರಿಲ್ಲ. ಅಟ್ರಾಕ್ಟಾಳ ಅಜ್ಜಿಯ ಅಜ್ಜಿಯೂ ಅಲ್ಲೇ ಎಲ್ಲೋ ಇದ್ದಾಳೆ. ಊರಿನವನೇ ಆದ ಹಣವಂತ ಡೆಕ್ಲನ್ ಟಾಫ್ ಗಂಜಿಮನೆಯನ್ನು ಕೊಂಡು ಹೋಟೆಲು ಮಾಡಿದ. ಒಳಗೆ ಗೋಡೆಗೆ ‘ನಮ್ಮ ಪರಂಪರೆ’ ಎಂದು ಹಳೇ ಫೋಟೋ ತೂಗುಹಾಕಿದ. ಹೊರಗೆ ಓಣಿಗೆ ಕಬ್ಬಿಣದ ಗೇಟಿಟ್ಟು ಬೀಗ ಜಡಿದ.

ಅಟ್ರಾಕ್ಟಾ ವಕೀಲರ ಬಳಿ ಹೋದಳು. ಕೋರ್ಟು ಅಂದರೆ ವರ್ಷಗಟ್ಟಲೆ ಎಂದರು. ಫಲಕ ಹಿಡಿದು ಗೇಟಿನ ಮುಂದೆ ಕೂತಳು. ಹೋಟೆಲಿಗೆ ಬಂದವರು ಅವಳ ಫೋಟೋ ತೆಗೆದುಕೊಂಡು ಒಳಗೆ ಹೋಗಿ ಉಂಡರು. ಮರುದಿನವೂ ಹೋಗಿ ಕೂತಳು.

ಅಷ್ಟರಲ್ಲಿ ಅಣ್ಣ ಮಾಲಕಿ ಸತ್ತ.

ಡ್ರಂಕೀಲಿನಲ್ಲಿ ಬದುಕಿದ್ದಾಗ ಮಾತು ಬಿಟ್ಟವರೂ ಸತ್ತಾಗ ತಪ್ಪಿಸಿಕೊಳ್ಳುವಂತಿಲ್ಲ. ಬರದಿದ್ದರೆ ಮೂರು ತಲೆಮಾರು ಆಡಿಕೊಳ್ಳುತ್ತದೆ ಊರು. ಟಾಫ್ ಕೂಡ ಕರಿ ಕೋಟು ತೊಟ್ಟು ಚರ್ಚಿಗೆ ಬಂದು ಅವಳ ಕೈ ಕುಲುಕಿದ.

“ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ, ಅಟ್ರಾಕ್ಟಾ.”

“ಬಂದ್ಯಲ್ಲಪ್ಪಾ, ಒಳ್ಳೇದಾಯ್ತು. ಹಾಗೇ ಒಂದು ಹೆಗಲು ಕೊಡು. ಮುಂದುಗಡೆ.”

ಹೆಗಲು ಕೊಡು ಎಂದಾಗ ಒಲ್ಲೆ ಎನ್ನುವ ಗಂಡಸು ಆ ಊರಲ್ಲಿಲ್ಲ. ಟಾಫ್ ಅಂಚೆ ಹಂಚುವ ಪ್ಯಾಕಿಯ ಪಕ್ಕದಲ್ಲಿ ಶವಪೆಟ್ಟಿಗೆ ಹೊತ್ತ. ಮುಂದೆ ನಡೆದ ಅಟ್ರಾಕ್ಟಾ ದೊಡ್ಡ ರಸ್ತೆಗೆ ಹೊರಳಲಿಲ್ಲ, ಗಂಜಿಮನೆಯ ಕಡೆ ತಿರುಗಿದಳು. ಆ ಓಣಿಯಿಂದಲೂ ಸ್ಮಶಾನಕ್ಕೆ ಹೋಗಬಹುದು. ಹಿಂದಿದ್ದ ಊರೂ ತಿರುಗಿತು.

ಗೇಟಿನೆದುರು ಮೆರವಣಿಗೆ ನಿಂತಿತು.

“ಇಲ್ಲಿ... ಬೀಗ ಹಾಕಿದೆ,” ಎಂದ ಟಾಫ್.

“ಗೊತ್ತು. ನಿಂದೇ ಅಲ್ವಾ?”

“ಹಿಂದೆ ತಿರುಗಿ ದೊಡ್ಡ ರಸ್ತೇಲಿ ಹೋದ್ರೆ ಆಗಲ್ವಾ?”

“ಹೊರಟ ಹೆಣಾನ ಹಿಂದಕ್ಕೆ ತಿರುಗಿಸ್ತಾರೇನೋ?” ಪ್ಯಾಕಿ ಸಿಡುಕಿದ. “ಬೇಗ ತೆಗಿ ಮಾರಾಯಾ. ಮಾಲಕಿ ಬದುಕಿದ್ದಾಗ್ಲೂ ಹಗುರ ಇರ್ಲಿಲ್ಲ!”

ಯಾರೋ ನಕ್ಕರು. ಪಾದ್ರಿ ಕೆಮ್ಮಿದರು. ಟಾಫನ ಕಿವಿ ಕೆಂಪಾಯಿತು.

“ಬೀಗದ ಕೈ ಎಲ್ಲಿ?” ಕೇಳಿದಳು ಅಟ್ರಾಕ್ಟಾ.

“ಎಡಗಡೆ ಜೇಬಲ್ಲಿ.”

ಅವನ ಕೈಗಳು ಪೆಟ್ಟಿಗೆಗೆ ಸಿಕ್ಕಿಕೊಂಡಿದ್ದವು. ಅವಳೇ ಜೇಬಿಗೆ ಕೈ ಹಾಕಿ, ಗೊಂಚಲು ಎಳೆದು, ಬೀಗ ತೆಗೆದಳು. ಗೇಟಿನ ಒಡೆಯನೇ ಮೊದಲ ಹೆಜ್ಜೆಯಿಟ್ಟು ಹೆಣವನ್ನು ಓಣಿಯೊಳಗೆ ಒಯ್ದ.

ಮಣ್ಣು ಹಾಕಿ ಬಂದವರೆಲ್ಲ ಪಬ್ಬಿನಲ್ಲಿ ಸೂಪು ಕುಡಿಯುವಾಗ ಟಾಫ್ ಮೆಲ್ಲಗೆ ಹೇಳಿದ: “ಅದು ಇವತ್ತಿಗೆ ಮಾತ್ರ.”

“ಸರಿ, ನಾಳೆ ಮುಚ್ಚು,” ಎಂದಳು ಅಟ್ರಾಕ್ಟಾ. “ನೀನೇ ಹೆಣ ಹೊತ್ತು ನಡೆದ ದಾರಿ, ಊರೆಲ್ಲ ನೋಡಿದೆ. ಮುಚ್ಚಿದ್ಮೇಲೆ ನಿಮ್ಮಪ್ಪ ಸತ್ತಾಗ ಹೆಗಲು ಕೊಡೋಕೆ ಯಾರು ಬರ್ತಾರೆ ಅಂತ ನೋಡೋಣ.”

ವಾರ ಕಳೆಯುವುದರೊಳಗೆ ಟಾಫನ ಆಳುಗಳು ಗೇಟು ಕಿತ್ತು ಒಯ್ದರು. ಅದು ತನ್ನದೇ ಯೋಚನೆ, ಪರಂಪರೆಯ ಮೇಲಿನ ಗೌರವ ಎಂದು ಟಾಫ್ ಊರೆಲ್ಲ ಹೇಳಿಕೊಂಡು ತಿರುಗಿದ. ಪ್ಯಾಕಿಗೆ ಮೈ ಉರಿಯಿತು.

“ಹೇಳ್ಕೊಳ್ಲಿ ಬಿಡೋ,” ಎಂದಳು ಅಟ್ರಾಕ್ಟಾ, ಬೂಟಿನ ದಾರ ಬಿಗಿಯುತ್ತ. “ಸತ್ತೋರ ಹೊಲದಲ್ಲಿ ಹುಲ್ಲು ಬೆಳೆದಿದೆ. ಕುಡುಗೋಲು ತಗೊಂಡ್ ಬಾ.”