ಜಿಂಕೆಗಳೂರಿನ ಅಭಿವೃದ್ಧಿ ಅಧಿಕಾರಿ

ಜಪಾನಿನ ಉತ್ತರದ ತುತ್ತತುದಿಯಲ್ಲಿ, ಜನರಿಗಿಂತ ಜಿಂಕೆಗಳೇ ಹೆಚ್ಚಿರುವ ಪುಟ್ಟ ಊರೊಂದರ ಪುರಸಭೆಯಲ್ಲಿ, ಮೈಸೂರಿನ ರಾಮಪ್ರಸಾದ ಅಭಿವೃದ್ಧಿ ಅಧಿಕಾರಿ. ಟೋಕಿಯೋದಿಂದ ವರ್ಷಕ್ಕೊಂದು ಯೋಜನೆ ಬರುತ್ತದೆ, ಬಂದಷ್ಟೇ ಸಲೀಸಾಗಿ ಹಿಮದಡಿ ಹೂತುಹೋಗುತ್ತದೆ. ಇವನ ಹುರುಪು ಮಾತ್ರ ಕುಗ್ಗುವುದಿಲ್ಲ. ನೆಂಟರು ಬಂದರೆ ಸಾಕು, ಬಯಲಿಗೆ ಕರೆದೊಯ್ದು, "ಇದೇ ರೈಲ್ವೆ ಸ್ಟೇಷನ್, ಅಲ್ನೋಡಿ ಹೋಟೆಲು" ಎಂದು ಬರೀ ಹುಲ್ಲು ತೋರಿಸುತ್ತಾನೆ. ಅಲ್ಲಿ ಮೇಯುವ ಜಿಂಕೆಗೂ ಸೊಂಟ ಬಗ್ಗಿಸಿ, "ಸುಮಿಮಾಸೆನ್, ನೀವು ಪ್ಲಾಟ್‌ಫಾರಂ ಮೇಲೆ ನಿಂತಿದೀರಿ" ಎಂದು ಕ್ಷಮೆ ಕೇಳುತ್ತಾನೆ. ಮೊನ್ನೆ ಟೋಕಿಯೋದ ಶಿನಾಗಾವಾದಿಂದ ಗೆಳೆಯ ಹರಿಹರ ಫೋನ್ ಮಾಡಿ, "ನಮ್ಮ ಆಫೀಸಲ್ಲಿ ಒಳ್ಳೇ ಪೋಸ್ಟ್ ಖಾಲಿ ಇದೆ, ಬಂದ್ಬಿಡೋ. ಆ ಊರಲ್ಲಿ ಏನಿದೆ ಅಂತ?" ಎಂದ. ರಾಮಪ್ರಸಾದ ನಗುತ್ತಲೇ ಹೇಳಿದ: "ಸ್ಕೂಲಿದೆ ಕಣೋ. ಅಲ್ಲಿ ಓದೋದು ನನ್ನ ಮಗಳೊಬ್ಬಳೇ. ನಾವು ಹೊರಟ್ರೆ ಅದನ್ನೂ ಮುಚ್ಚಿಬಿಡ್ತಾರೆ."